ಅಧ್ಯಕ್ಷರ ಗುದ್ದು

ಮುಸ್ಸಂಜೆ. ಸಭೆಗೆ ಹೊರಟಿದ್ದ ಅಧ್ಯಕ್ಷ ಪುಟ್ಟಬಸವಯ್ಯನವರ ಹಳೇ ಅಂಬಾಸಿಡರ್‌ನ ಹೆಡ್‌ಲೈಟು ದಾರಿಯಲ್ಲೇ ಕೈಕೊಟ್ಟಿತು. ಡ್ರೈವರ್ ಇಳಿದು ನೋಡಿದ. ಬಲ್ಬು, ಫ್ಯೂಸು ಸರಿಯಿದ್ದವು.

"ಸಭೆ ತಪ್ಪಿದರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ!" ಮುಂದಿನ ಸೀಟಿನಲ್ಲಿದ್ದ ಅಧ್ಯಕ್ಷರು ಡ್ಯಾಶ್‌ಬೋರ್ಡಿಗೆ ಗುದ್ದಿದರು. ಲೈಟು ಝಗ್ಗನೆ ಹತ್ತಿತು. ಕಾರು ಹೊರಟು ತುಸು ದೂರ ಹೋಗುವಷ್ಟರಲ್ಲಿ ಮತ್ತೆ ಆರಿತು. ಒಳಗೆಲ್ಲೋ ವೈರು ಸಡಿಲ. ಡ್ರೈವರ್ ಸ್ಟಿಯರಿಂಗ್ ಬಿಡುವ ಹಾಗಿಲ್ಲ. ಗುದ್ದುತ್ತಿರಿ ಎಂದು ಅಧ್ಯಕ್ಷರಿಗೆ ಹೇಳುವುದುಂಟೇ?

"ಸ್ವಾಮಿ, ಮೊದಲ ಹಾರ ಮಾಜಿ ಅಧ್ಯಕ್ಷರಿಗಂತೆ."

"ಯಾವನೋ ಹೇಳಿದ್ದು?" ಗುದ್ದು ಬಿತ್ತು, ಲೈಟು ಹತ್ತಿತು.

ಆರಿದ ಕೂಡಲೇ, "ನಿಮ್ಮ ಭಾಷಣ ಊಟ ಆದಮೇಲಂತೆ."

ಮತ್ತೆ ಗುದ್ದು.

ಹೀಗೇ ಸಭೆಯ ಚಪ್ಪರ ತಲುಪಿದರು. ಮೊದಲ ಹಾರ ಪುಟ್ಟಬಸವಯ್ಯನವರ ಕೊರಳಿಗೇ ಬಿತ್ತು. ಕೆಂಪೇರಿದ ಮುಷ್ಟಿ ಉಜ್ಜಿಕೊಳ್ಳುತ್ತ ಅವರು ಗದರಿದರು: "ಅಷ್ಟೊಂದು ಸುಳ್ಳು ಯಾಕೋ ಹೇಳ್ದೆ?"

"ಲೈಟು ಬೇಕಿತ್ತಲ್ಲ ಸ್ವಾಮಿ. ವಾಪಸ್ ಹೋಗೋಕೂ ಬೇಕು, ಸ್ವಲ್ಪ ಸಿಟ್ಟು ಉಳಿಸ್ಕೊಳ್ಳಿ."