ಎಮ್ಮೆಗೂ ತವರು

"ಬುದ್ಧಿ, ತಿಳಿಸಬೇಕಾದವರಿಗೆ ತಿಳಿಸಿದ ಮೇಲೆ ನಮ್ಮ ಹೊಣೆ ಮುಗಿಯಿತಲ್ಲವೇ?"

ಹೀಗೆ ಕೇಳಿದವನು ಷಡಕ್ಷರಿ. ತಾಲ್ಲೂಕಿನಲ್ಲಿ ಕಿರಿಯ ಇಂಜಿನಿಯರು. ಬುಧವಾರ ಬೆಳಿಗ್ಗೆ ಹೆಂಡತಿ ಸರ್ವಮಂಗಳೆಯನ್ನು ಕರೆದುಕೊಂಡು ಮಠಕ್ಕೆ ಬಂದಿದ್ದ. ಅವಳು ಅವರಿದ್ದ ಊರಿನ ಶಾಲೆಯಲ್ಲಿ ಟೀಚರು. ಅವಳು ಮೊದಲು ಬಂದು ಸ್ವಾಮಿಗಳ ಪಾದಕ್ಕೆ ನಮಸ್ಕಾರ ಮಾಡಿದಾಗ ಸ್ವಾಮಿಗಳು, "ಏನು ತಾಯಿ, ವಾರದ ನಡುವೆ ಬಂದಿರಿ?" ಎಂದು ಕೇಳಿದ್ದರು.

"ಇವರಿಗೆ ಯಾವುದೋ ಹರಕೆಯಂತೆ ಬುದ್ಧಿ. ಯಾವುದು ಅಂದರೆ ಬಾಯಿ ಬಿಡುವುದಿಲ್ಲ. ನನಗೂ ಶನಿವಾರದವರೆಗೆ ರಜೆ ಹಾಕಿಸಿದ್ದಾರೆ. ಶುಕ್ರವಾರ ಮಕ್ಕಳ ಕೈಲಿ ಸ್ವಾಗತಗೀತೆ ಹೇಳಿಸಬೇಕಾಗಿತ್ತು. ಅವಕ್ಕೆ ಇನ್ನೂ ಎರಡನೆಯ ನುಡಿಯೇ ಬಂದಿಲ್ಲ" ಎಂದು ಹೇಳಿ ಅವಳು ದಾಸೋಹದ ಅಡಿಗೆಮನೆಗೆ ಹೋದಳು. ಅವಳು ಮರೆಯಾದ ಮೇಲೆಯೇ ಷಡಕ್ಷರಿ ಬಾಯಿ ತೆರೆದದ್ದು. ನಿಂತುಕೊಂಡೇ ಕೇಳಿದ.

"ಮೊದಲು ಕೂತುಕೋ" ಎಂದರು ಸ್ವಾಮಿಗಳು. "ಏನು ತಿಳಿಸಿದೆ? ಯಾರಿಗೆ ತಿಳಿಸಿದೆ?"

ಅವನು ಹೇಳಿದ. ಸರ್ವಮಂಗಳೆಯ ಶಾಲೆಯ ಅಂಗಳಕ್ಕೆ ಹೊಂದಿಕೊಂಡು ಊರಿಗೆ ನೀರು ಕೊಡುವ ಹೊಸ ಟ್ಯಾಂಕು ಎದ್ದಿದೆ. ಆರು ಕಂಬದ ಮೇಲೆ ನಿಂತ ಟ್ಯಾಂಕು. ಸೋಮವಾರ ನೀರು ತುಂಬಿಸಿದರು. ಮಂಗಳವಾರ ಹೋಗಿ ನೋಡಿದರೆ ಎರಡು ಕಂಬಗಳಲ್ಲಿ ಬಿರುಕು. ಉಗುರು ಹೋಗುವಷ್ಟು ಬಿರುಕು. ನೀರು ಇಳಿಸಬೇಕು ಎಂದು ಮೇಲಿನ ಸಾಹೇಬರಿಗೆ ಬರೆದು ಕೊಟ್ಟ. ಸಾಹೇಬರು ಓದಿ ಕೆಳಗೆ ರುಜು ಹಾಕಿದರು. "ಶುಕ್ರವಾರ ಉದ್ಘಾಟನೆ ಕಣಯ್ಯ. ದೊಡ್ಡವರು ನಲ್ಲಿ ತಿರುಗಿಸಿದಾಗ ನೀರು ಬರಬೇಕೋ ಬೇಡವೋ? ಶನಿವಾರ ಇಳಿಸಿ ರಿಪೇರಿ ಮಾಡಿಸೋಣ. ನಾಲ್ಕು ದಿನಕ್ಕೆ ಏನಾಗುತ್ತದೆ?" ಎಂದರು.

"ಬರೆದ ಕಾಗದ ಇದೆ, ರುಜು ಇದೆ. ಆದರೂ ಮನಸ್ಸು ಒಪ್ಪುತ್ತಿಲ್ಲ ಬುದ್ಧಿ. ನಾನು ಮಾಡಿದ್ದು ಸರಿಯೋ ತಪ್ಪೋ, ಅದೇ ತಿಳಿಯದಾಗಿದೆ."

ಸ್ವಾಮಿಗಳು ಒಂದು ಕತೆ ಹೇಳಿದರು.

ಒಂದು ಊರು. ಊರ ಮೇಲೆ ಕೆರೆ. ಕೆರೆಯ ಏರಿಯ ಕೆಳಗೆ ಒಂದು ಕೇರಿ. ಆ ಕೇರಿಯಲ್ಲಿ ಒಬ್ಬ ಕಲ್ಲುಕುಟಿಗ ಇದ್ದ. ಕೆರೆಯ ಕೋಡಿಯನ್ನು ಕಟ್ಟಿದವನು ಅವನ ತಂದೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹರಿದುಹೋಗುವ ಬಾಗಿಲೇ ಕೋಡಿ. ಕೋಡಿಯ ಎತ್ತರ ಒಂದು ಗೇಣು ಏರಿಸಿದರೂ ಏರಿಯ ಆಯುಷ್ಯ ಇಳಿಯುತ್ತದೆ ಎಂದು ತಂದೆ ಸಾಯುವಾಗಲೂ ಹೇಳಿದ್ದ.

ಆ ಊರಿಗೆ ಒಂದು ಪದ್ಧತಿ. ಕೋಡಿ ಬೀಳುವ ದಿನ ಗೌಡನ ಮನೆಯವರು ಗಂಗಮ್ಮನಿಗೆ ಬಾಗಿನ ಬಿಡಬೇಕು. ಬಾಗಿನ ಮುಟ್ಟುವ ಮೊದಲೇ ಕೋಡಿ ಬಿದ್ದರೆ ತಾಯಿ ಮುನಿದು ಹೊರಟುಹೋಗುತ್ತಾಳೆ ಎಂದು ನಂಬಿಕೆ. ಆ ವರ್ಷ ಹದಿನೆಂಟು ವರ್ಷದ ಮೇಲೆ ಕೆರೆ ತುಂಬಿತು. ಗೌಡ ಜೋಯಿಸರನ್ನು ಕೇಳಿ ಸೋಮವಾರ ಗೊತ್ತುಮಾಡಿದ. ಏಳು ಊರಿನ ನೆಂಟರಿಗೆ ಹೇಳಿಕಳಿಸಿದ. ನೀರಿಗೆ ಜೋಯಿಸರ ಮಾತು ತಿಳಿಯುತ್ತದೆಯೇ? ಗುರುವಾರವೇ ಅದು ಕೋಡಿಗೆ ನಾಲ್ಕು ಬೆರಳು ದೂರದಲ್ಲಿತ್ತು.

ಗೌಡ ಕಲ್ಲುಕುಟಿಗನನ್ನು ಕರೆಸಿದ. "ಕೋಡಿಯ ಮೇಲೆ ಒಂದು ಸಾಲು ಕಲ್ಲಿಟ್ಟು ಜೇಡಿಮಣ್ಣು ಮೆತ್ತು. ಸೋಮವಾರ ಬೆಳಿಗ್ಗೆ ನಾನೇ ನಿಂತು ತೆಗೆಸುತ್ತೇನೆ."

"ಏರಿ ತಡೆಯಲಿಕ್ಕಿಲ್ಲ ಗೌಡರೆ. ಹಿಂಬದಿಯಲ್ಲಿ ಆಗಲೇ ನೀರು ಒಸರುತ್ತಿದೆ."

"ನೀನು ಹೇಳಿದೆ, ನಾನು ಕೇಳಿದೆ. ಇನ್ನು ಅದು ನನ್ನ ತಲೆಯ ಮೇಲಿರಲಿ. ನೀನು ಕಲ್ಲಿಡು."

ತಲೆಯ ಮೇಲಿನ ಹೊರೆಯನ್ನು ಇನ್ನೊಬ್ಬರು ಕೈಕೊಟ್ಟು ಇಳಿಸಿಕೊಂಡ ಹಾಗಾಯಿತು ಕಲ್ಲುಕುಟಿಗನಿಗೆ. ಹೋಗಿ ಕಲ್ಲಿಟ್ಟ. ಮಣ್ಣು ಮೆತ್ತಿದ. ಕೆಲಸ ಚೆನ್ನಾಗಿಯೇ ಮಾಡಿದ. ಕೆರೆಯಲ್ಲೇ ಕೈ ತೊಳೆದುಕೊಂಡು ಮನೆಗೆ ಹೊರಟ. ಆ ಹಗುರ ಕೇರಿಯ ಬಾಯಿಗೆ ಬರುವವರೆಗೆ ಇತ್ತು. ಅಲ್ಲಿಂದ ತಿರುಗಿ ಏರಿಯನ್ನು ನೋಡಿದ. ಗೌಡನ ಮನೆ ದಿಣ್ಣೆಯ ಮೇಲಿತ್ತು. ಅವನ ಮನೆ ತಗ್ಗಿನಲ್ಲಿತ್ತು.

ಕೇರಿಯವರಿಗೆ ಹೇಳೋಣವೇ ಎಂದುಕೊಂಡ. ಹೇಳಿದರೆ ಗೌಡನಿಗೆ ಎದುರು ಬಿದ್ದ ಹಾಗಾಗುತ್ತದೆ. ಶುಭಕಾರ್ಯಕ್ಕೆ ಅಪಶಕುನ ನುಡಿದ ಎನ್ನುತ್ತಾರೆ. ಏರಿ ನಿಂತುಬಿಟ್ಟರೆ ನಗುತ್ತಾರೆ. ಹೇಳಬೇಕಾದವನಿಗೆ ಹೇಳಿ ಆಗಿದೆಯಲ್ಲ. ಹೀಗೆ ಎಣಿಸಿ ಎಣಿಸಿ ಯಾವುದೂ ಬಗೆಹರಿಯದೆ ಮನೆಗೆ ಬಂದು ಹೆಂಡತಿಗೆ, "ನಿನ್ನ ತವರಿಗೆ ಹೋಗಿಬರೋಣ. ಒಂದು ಹರಕೆ ಇದೆ" ಎಂದ.

"ನನಗೆ ಗೊತ್ತಿಲ್ಲದ ಹರಕೆ ಯಾವುದಪ್ಪಾ ಅದು?"

"ದಾರಿಯಲ್ಲಿ ಹೇಳುತ್ತೇನೆ."

ದಾರಿಯಲ್ಲೂ ಹೇಳಲಿಲ್ಲ. ಮಕ್ಕಳನ್ನು ಕರೆದುಕೊಂಡ. ಹಾಸಿಗೆ ಸುತ್ತಿಕೊಂಡ. ಕೊಟ್ಟಿಗೆಯ ಎಮ್ಮೆಯನ್ನು ಬಿಚ್ಚಿ ಹಗ್ಗ ಹಿಡಿದುಕೊಂಡ. ಪಕ್ಕದ ಮನೆಯ ಮುದುಕಿ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು. "ಏನಪ್ಪಾ, ನಿನ್ನ ಎಮ್ಮೆಗೂ ಅದೇ ಊರು ತವರೇ?" ಎಂದಳು. ಕೇರಿಯೆಲ್ಲ ನಕ್ಕಿತು. ಕಲ್ಲುಕುಟಿಗನೂ ನಕ್ಕ.

ಷಡಕ್ಷರಿಗೆ ಎಮ್ಮೆಯ ಮೇಲೆ ಗಮನವಿರಲಿಲ್ಲ. ಅವನ ಮನಸ್ಸೆಲ್ಲ ಏರಿಯ ಮೇಲಿತ್ತು. "ಏರಿ ಒಡೆಯಿತೇ ಬುದ್ಧಿ?" ಎಂದು ನಡುವೆ ಬಾಯಿ ಹಾಕಿದ.

"ಇಲ್ಲ" ಎಂದರು ಸ್ವಾಮಿಗಳು.

ಏರಿ ಒಡೆಯಲಿಲ್ಲ. ಭಾನುವಾರ ಒಸರು ಹೆಚ್ಚಿತು. ಒಂದು ಕಡೆ ಮಣ್ಣು ಆಳುದ್ದ ಜಾರಿತು. ಆದರೂ ನಿಂತಿತು. ಸೋಮವಾರ ಗೌಡ ಬಾಗಿನ ಬಿಟ್ಟು ಕಲ್ಲು ತೆಗೆಸಿದ. ನೀರು ಧುಮುಕಿತು. ಊರೆಲ್ಲ ಕೈಮುಗಿಯಿತು. ಗೌಡನಿಗೆ ಹಿಡಿಸಲಾರದಷ್ಟು ಸಂತೋಷ. ನೆಂಟರ ಮುಂದೆ, "ಏರಿ ಹೋಗುತ್ತದೆ ಅಂದಿದ್ದ ನಮ್ಮ ಕಲ್ಲುಕುಟಿಗ. ನೋಡಿ, ಬಸವನ ಹಾಗೆ ಕೂತಿದೆ" ಎಂದ. ನೆಂಟರು ನಕ್ಕರು. ಅಲ್ಲಿ ಕೇರಿಯವರೂ ನಿಂತಿದ್ದರು. ಅವರು ನಗಲಿಲ್ಲ.

ಮಂಗಳವಾರ ಕಲ್ಲುಕುಟಿಗ ಸಂಸಾರ ಸಮೇತ ಮರಳಿ ಬಂದ. ಏರಿ ನಿಂತಿದ್ದನ್ನು ಕಂಡು ಅಲ್ಲೇ ನೆಲಕ್ಕೆ ಹಣೆ ಮುಟ್ಟಿಸಿ ದೇವರಿಗೆ ಕೈಮುಗಿದ. ಕೇರಿಗೆ ಬಂದರೆ ಒಬ್ಬರೂ "ಬಂದೆಯಾ" ಎನ್ನಲಿಲ್ಲ. ಜಗಲಿಯ ಮೇಲೆ ಅದೇ ಮುದುಕಿ ಕೂತಿದ್ದಳು. ತೊಡೆಯ ಮೇಲೆ ಮೊಮ್ಮಗ ಮಲಗಿದ್ದ.

"ಎಮ್ಮೆ ಕ್ಷೇಮವಾಗಿ ಬಂತೇನಪ್ಪಾ?" ಎಂದಳು.

"ಬಂತು ಅವ್ವಾ."

ಮುದುಕಿ ಮೊಮ್ಮಗನನ್ನು ಎತ್ತಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು.

ಆ ಕೇರಿಯಲ್ಲಿ ಎಮ್ಮೆ ಇದ್ದದ್ದು ಅವನೊಬ್ಬನ ಮನೆಯಲ್ಲೇ. ದಿನವೂ ಸಂಜೆ ಹತ್ತು ಮನೆಯವರು ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದರು. ಅಂದಿನಿಂದ ಒಬ್ಬರೂ ಬರಲಿಲ್ಲ. ಹೆಂಡತಿ ತಾನೇ ಕೊಂಡುಹೋಗಿ ಕೊಟ್ಟರೂ ಒಲ್ಲೆ ಎಂದರು. ಬೈಯಲಿಲ್ಲ, ಜಗಳ ಕಾಯಲಿಲ್ಲ. ಒಲ್ಲೆ ಎಂದರು, ಅಷ್ಟೇ. ಕಲ್ಲುಕುಟಿಗ ತಲೆಯ ಮೇಲೆ ಕೈ ಹೊತ್ತು ಕೂತ. ಏರಿ ನಿಂತಿತು. ಒಂದು ಕೋಳಿಮರಿಯೂ ಸಾಯಲಿಲ್ಲ. ನಾನು ಹೇಳಬೇಕಾದವನಿಗೆ ಹೇಳಿಯೂ ಇದ್ದೆ. ಮತ್ತೆ ಇವರಿಗೆ ಏನಾಗಿದೆ? ಸಾಯುವವರೆಗೂ ಅವನಿಗೆ ಇದು ಬಗೆಹರಿಯಲಿಲ್ಲ.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಷಡಕ್ಷರಿ ಇನ್ನೂ ಇದೆಯೆಂದು ಕಾದ. ಇರಲಿಲ್ಲ.

"ನನಗೂ ಬಗೆಹರಿಯುತ್ತಿಲ್ಲ ಬುದ್ಧಿ" ಎಂದ. "ಏರಿ ಒಡೆದಿದ್ದರೆ ತಪ್ಪು ಅನ್ನಬಹುದಾಗಿತ್ತು. ಒಡೆಯಲಿಲ್ಲ. ಕಲ್ಲಿಡು ಎಂದವನು ಗೌಡ. ಹೊಣೆ ಹೊತ್ತವನೂ ಗೌಡ. ಕೇರಿಯವರು ಸಿಟ್ಟಾಗಬೇಕಾದದ್ದು ಗೌಡನ ಮೇಲೆ ತಾನೇ? ಈ ಬಡಪಾಯಿಯ ತಪ್ಪೇನು?"

ಅಷ್ಟರಲ್ಲಿ ಸರ್ವಮಂಗಳೆ ಎರಡು ಲೋಟ ಮಜ್ಜಿಗೆ ತಂದಳು. ಒಂದನ್ನು ಸ್ವಾಮಿಗಳ ಮುಂದೆ ಇಟ್ಟು ಇನ್ನೊಂದನ್ನು ಗಂಡನ ಕೈಗೆ ಕೊಟ್ಟಳು. ಷಡಕ್ಷರಿ ಲೋಟವನ್ನು ತುಟಿಗೆ ಎತ್ತಿದ.

ಸ್ವಾಮಿಗಳು ಅವನ ಕಡೆ ನೋಡಲಿಲ್ಲ. ಅವಳನ್ನು ಕೇಳಿದರು:

"ತಾಯಿ, ನಿಮ್ಮ ಶಾಲೆಯ ಮಕ್ಕಳನ್ನೂ ಈ ವಾರ ಯಾರಾದರೂ ಹರಕೆಗೆ ಕರೆದುಕೊಂಡು ಹೋಗಿದ್ದಾರೆಯೇ?"

ಷಡಕ್ಷರಿ ಲೋಟವನ್ನು ಕೆಳಗಿಟ್ಟ.