ಉಪ್ಪು ಸವರಿದ ಮರಿ

“ಅಜ್ಜಾರ, ನಂಬಿಕಿ ಇಲ್ಲದಾಂವ ದಿನಾ ದೇವರ ಮುಂದ ಕೈ ಮುಗಿದ್ರ, ಅದು ಮೋಸ ಅಲ್ಲೇನ್ರಿ?”

ಹೀಗೆ ಕೇಳಿದವನು ಅಡಿವೆಪ್ಪ ಎಂಬ ಶಿಷ್ಯ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಆ ದಿನ ಮಠ ಬಿಟ್ಟು ಹೋಗುವುದೆಂದು ನಿಶ್ಚಯಿಸಿ, ಹೇಳಿ ಹೋಗಲು ಗುರುಗಳ ಬಳಿ ಬಂದಿದ್ದ.

ಗುರುಗಳು ಕಾರಣ ಕೇಳಿದರು. ಅಡಿವೆಪ್ಪ ಏನನ್ನೂ ಮುಚ್ಚಿಡಲಿಲ್ಲ. ಅವನ ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚು, ಬೇಯುವುದು ಕಡಿಮೆ. ಮಠದಲ್ಲಿ ಎರಡು ಹೊತ್ತು ಊಟ ಸಿಗುತ್ತದೆ ಎಂದು ಯಾರೋ ಹೇಳಿದರು, ಬಂದುಬಿಟ್ಟ. ಎಲ್ಲರೂ ಕಣ್ಣು ಮುಚ್ಚಿದಾಗ ತಾನೂ ಮುಚ್ಚಿದ. ಎಲ್ಲರೂ ಹಾಡಿದಾಗ ತಾನೂ ಬಾಯಿ ಆಡಿಸಿದ. ಹೀಗೇ ಆರು ವರ್ಷ ಸಾಗಿತು. ಮೊನ್ನೆ ಗುರುಗಳು ಪರಸ್ಥಳಕ್ಕೆ ಹೋಗಿದ್ದಾಗ ಒಬ್ಬ ಮುದುಕಿ ಬಂದು ಅವನ ಕಾಲಿಗೆ ಬಿದ್ದಳು. ಮಗಳು ಹಾಸಿಗೆ ಹಿಡಿದಿದ್ದಾಳೆ, ದೇವರಿಗೆ ಒಂದು ಮಾತು ಹೇಳು ಎಂದಳು. ಅವನು ಕಣ್ಣು ಮುಚ್ಚಿದ. ಒಳಗೆ ಏನೂ ಇರಲಿಲ್ಲ, ಬರೀ ಕತ್ತಲೆ. ಮುದುಕಿ ಮಾತ್ರ ಸಮಾಧಾನದಿಂದ ಕಣ್ಣೊರೆಸಿಕೊಂಡು ಹೋದಳು. ಸತ್ಯವನ್ನು ಹುಡುಕುವ ಜಾಗದಲ್ಲಿ ತಾನೊಬ್ಬ ಸುಳ್ಳುಗಾರನಾಗಿ ಉಳಿಯಲಾರೆ ಎಂದು ಅಡಿವೆಪ್ಪ ಹೇಳಿದ.

ಗುರುಗಳು ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಅವನು ಕುಳಿತ ಮೇಲೆ ಒಂದು ಕತೆ ಹೇಳಿದರು.

ಒಬ್ಬ ಕುರುಬನಿದ್ದ. ಕುರಿಗಳನ್ನು ಹೊಡೆದುಕೊಂಡು ಊರಿಂದ ಊರಿಗೆ ಹೋಗುವವನು. ಒಂದು ಮುಂಜಾನೆ ದಾರಿಯಲ್ಲಿಯೇ ಒಂದು ಕುರಿ ಈಯಿತು. ಅದಕ್ಕೆ ಅದು ಚೊಚ್ಚಲ ಮರಿ. ಚಳಿಗಾಳಿ ಬೀಸುತ್ತಿತ್ತು, ಒದ್ದೆ ಮರಿ ಗಡಗಡ ನಡುಗುತ್ತಿತ್ತು. ಕುರುಬನ ಕರುಳು ತಡೆಯಲಿಲ್ಲ. ತಾಯಿ ನೆಕ್ಕುವ ಮೊದಲೇ ಮರಿಯನ್ನು ಎತ್ತಿ, ಒರೆಸಿ, ತನ್ನ ಕಂಬಳಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡ.

ತಪ್ಪಾದದ್ದು ಅಲ್ಲಿಯೇ. ಕುರಿ ತನ್ನ ಮರಿಯನ್ನು ಗುರುತು ಹಿಡಿಯುವುದು ಮೂಗಿನಿಂದ. ಹುಟ್ಟಿದ ಗಳಿಗೆಯಲ್ಲಿ ನೆಕ್ಕಿ ನೆಕ್ಕಿ ಆ ವಾಸನೆಯನ್ನು ತನ್ನದು ಮಾಡಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಕುರುಬ ಮರಿಯನ್ನು ಕೆಳಗೆ ಬಿಟ್ಟಾಗ ಅದರ ಮೈಯೆಲ್ಲ ಕಂಬಳಿಯ ವಾಸನೆ, ತಂಬಾಕಿನ ವಾಸನೆ. ಕುರಿ ಒಮ್ಮೆ ಮೂಸಿತು, ಹಾಯ್ದು ಕೆಡವಿತು. ಮರಿ ಎದ್ದು ಮತ್ತೆ ಹೋಯಿತು, ಕುರಿ ಮತ್ತೆ ಕೆಡವಿತು. ಕುರುಬನಾಗಿ ಹುಟ್ಟಿದವನಿಗೆ ಇದು ಗೊತ್ತಿರಲಿಲ್ಲವೇ ಎಂದರೆ, ಚೆನ್ನಾಗಿಯೇ ಗೊತ್ತಿತ್ತು. ಪ್ರೀತಿ ಉಕ್ಕಿದಾಗ ಗೊತ್ತಿರುವುದೂ ಮರೆತುಹೋಗುತ್ತದೆ.

ಮರುದಿನಕ್ಕೆ ಮರಿಯ ಕಾಲು ಸೋತವು. ಹಿಂಡಿನ ಬೇರೆ ಕುರಿಗಳು ಇನ್ನೂ ಈದಿರಲಿಲ್ಲ, ಹಾಲಿದ್ದದ್ದು ತಾಯಿಯ ಕೆಚ್ಚಲಿನಲ್ಲಿ ಮಾತ್ರ. ಕುರುಬ ಕುರಿಯ ಕಾಲು ಹಿಡಿದು ಮರಿಯ ಬಾಯಿಯನ್ನು ಕೆಚ್ಚಲಿಗೆ ಒಯ್ದರೆ ಅದು ಒದ್ದು ಓಡುತ್ತಿತ್ತು. ನನ್ನ ಕೈಯಾರೆ ಇದನ್ನು ಕೊಂದೆನಲ್ಲ ಎಂದು ಕುರುಬ ಅತ್ತುಬಿಟ್ಟ. ಅಳು ಮುಗಿದ ಮೇಲೆ ಅಪ್ಪ ಮಾಡುತ್ತಿದ್ದ ಒಂದು ಉಪಾಯ ನೆನಪಾಯಿತು. ಬುತ್ತಿಯಲ್ಲಿದ್ದ ಉಪ್ಪನ್ನು ನೀರಿನಲ್ಲಿ ಕದಡಿ ಮರಿಯ ಮೈಗೆಲ್ಲ ಸವರಿದ. ಕುರಿಗೆ ಉಪ್ಪೆಂದರೆ ಪ್ರಾಣ. ಅದು ಬಂತು, ಮೂಸಿತು, ನಾಲಿಗೆ ಚಾಚಿತು. ಅದು ಬೆನ್ನು ನೆಕ್ಕುತ್ತಿರುವಾಗ ಮರಿ ತಡಕಾಡಿ ಕೆಚ್ಚಲಿಗೆ ಬಾಯಿ ಹಾಕಿತು.

ಅಲ್ಲೇ ಮರದ ನೆರಳಿನಲ್ಲಿ ಒಬ್ಬ ಪಂಡಿತ ಕುಳಿತಿದ್ದ. ಸತ್ಯ ಎಂದರೇನು ಎಂದು ತಿಳಿಯಲು ಯಾತ್ರೆ ಹೊರಟವನು. ಓದಿದವರಿಗೆ ನೆರಳು ಸಿಕ್ಕರೆ ಸಾಲದು, ಮಾತೂ ಬೇಕು. ಅವನು ಕುರುಬನನ್ನು ಕರೆದು, ಇದು ತಾಯ್ತನವಲ್ಲ, ಬರೀ ಉಪ್ಪಿನ ಆಸೆ, ಮೂಕಪ್ರಾಣಿಗೆ ನೀನು ನಟನೆ ಕಲಿಸುತ್ತಿದ್ದೀಯೆ ಎಂದ.

ಕುರುಬ ಮರಿಯಿಂದ ಕಣ್ಣು ತೆಗೆಯದೆ, “ಇರಬಹುದ್ರಿ. ಆದ್ರ ಮರಿ ಕುಡಿಯಾಕತ್ತಿದ್ದು ಖರೇ ಹಾಲರಿ” ಎಂದ.

ಪಂಡಿತ ನಕ್ಕು ತನ್ನ ದಾರಿ ಹಿಡಿದ. ಹತ್ತು ಹನ್ನೆರಡು ದಿನಗಳ ನಂತರ ಅದೇ ದಾರಿಯಲ್ಲಿ ಹಿಂತಿರುಗಿದ. ಹಿಂಡು ಇನ್ನೂ ಅಲ್ಲಿಯೇ ಒಂದು ಹೊಲದಲ್ಲಿ ಬೀಡುಬಿಟ್ಟಿತ್ತು. ಮರಿ ಮೈತುಂಬಿಕೊಂಡಿತ್ತು, ಕುರಿ ಅದರ ಕಿವಿ ನೆಕ್ಕುತ್ತ ನಿಂತಿತ್ತು. ಇನ್ನೂ ಉಪ್ಪು ಸವರುತ್ತಿದ್ದೀಯಾ ಎಂದು ಪಂಡಿತ ಕೇಳಿದ.

“ಉಪ್ಪು ತೀರಿ ಐದು ದಿನಾ ಆತ್ರಿ” ಎಂದ ಕುರುಬ.

ಹಾಗಾದರೆ ಉಪ್ಪಿಗಾಗಿ ನೆಕ್ಕುತ್ತಿದ್ದದ್ದು ಮರಿಗಾಗಿ ನೆಕ್ಕತೊಡಗಿದ್ದು ಯಾವ ದಿನ ಎಂದು ಪಂಡಿತ ತಿಳಿಯಬಯಸಿದ. ಅದು ತನಗೂ ಗೊತ್ತಿಲ್ಲ, ಕುರಿಗೂ ಗೊತ್ತಿರಲಿಕ್ಕಿಲ್ಲ ಎಂದ ಕುರುಬ. ಉಪ್ಪು ತೀರಿದ ಬೆಳಗ್ಗೆ ತಾನು ಮಾತ್ರ ಹೆದರಿ ಸತ್ತಿದ್ದೆ, ಕುರಿ ಎಂದಿನಂತೆ ಬಂದು ನೆಕ್ಕಿತು, ಅಷ್ಟೇ ಎಂದ. ಪಂಡಿತನಿಗೆ ಇದು ಸಾಲಲಿಲ್ಲ. ಮರಿಯ ಮೈಯಲ್ಲಿ ಉಪ್ಪು ಉಳಿದಿದೆಯೋ ಎಂದು ಮುಟ್ಟಿ ನೋಡಲು ಕೈಚಾಚಿದ. ಕುರಿ ತಲೆ ತಗ್ಗಿಸಿ ಓಡಿಬಂದು, ಅಷ್ಟು ಓದಿದವನನ್ನು ಹೊಲದಲ್ಲಿ ಅಂಗಾತ ಕೆಡವಿತು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ನಗಲಿಲ್ಲ. ಅವನ ಕಣ್ಣು ತುಂಬಿದ್ದವು. ಉಪ್ಪಿಗಾಗಿ ಬಂದೆ ಎಂಬ ಅರಿವು ಕುರಿಗೆ ಇರಲಿಲ್ಲ, ತನಗೆ ಇದೆ, ನೋವು ಅದೇ ಎಂದು ಮೆಲ್ಲಗೆ ಹೇಳಿದ.

“ಅದರ ಉಪ್ಪು ತೀರಿತ್ರಿ ಅಜ್ಜಾರ. ನಾ ಇನ್ನೂ ಉಪ್ಪಿಗೇ ಬರಾಕತ್ತೀನಿ. ನಂದು ಯಾವಾಗ ತೀರತೈತೋ ಯಾರಿಗ್ಗೊತ್ತು.”

ಗುರುಗಳಿಗೆ ಅವನ ಮೇಲೆ ಬಹಳ ಅಕ್ಕರೆ ಬಂತು. ಅವನ ತಲೆಯ ಮೇಲೆ ಕೈಯಿಟ್ಟರು.

“ಊಟದ ಗಂಟಿ ಹೊಡದು, ಪಂಕ್ತಿ ಎದ್ದೂ ಹೋತಲ್ಲೋ ತಮ್ಮಾ, ನಿನಗ ಕೇಳಿಸಲೇ ಇಲ್ಲೇನು?”