ಶಂಭುಲಿಂಗಯ್ಯನವರ ಕನ್ನಡಕದ ಡಬ್ಬಿ

ಕಂಪ್ಯೂಟರಿನೊಳಗೆ ಕರ್ನೆಲ್ ಎಂಬ ಮೂಲ ಪ್ರೋಗ್ರಾಮೇ ಯಜಮಾನ. ತನ್ನ ಆಳುಗಳು ಯಾರು, ಎಲ್ಲಿದ್ದಾರೆ ಅಂತ ಅವನಿಗೆ ತಾನಾಗಿ ಗೊತ್ತಾಗುವುದಿಲ್ಲ. ಯಾವ ಸಾಧನ ಯಾವ ತಂತಿಯಲ್ಲಿದೆ ಎಂದು ಬರೆದುಕೊಡಬೇಕು. ಮೈಸೂರಿನ ಒಂದು ಕಂಪನಿಯಲ್ಲಿ ಸಾಧನಗಳನ್ನು ಸರ್ಕ್ಯೂಟ್ ಬೋರ್ಡಿಗೆ ಜೋಡಿಸುವುದಕ್ಕೊಂದು ಕೈಪಿಡಿ ಬರೆದವರು ಚೀಫ್ ಎಂಜಿನಿಯರ್ ಶಂಭುಲಿಂಗಯ್ಯ.

"ತಕ್ಕ ವೋಲ್ಟೇಜ್ ಕೊಡಿ. ತಕ್ಕಷ್ಟು ಹೊತ್ತು ಕಾಯಿರಿ. ತಕ್ಕ ಪಿನ್ನಿಗೆ ಜೋಡಿಸಿ." ಇಷ್ಟೇ ಕೈಪಿಡಿ. ಓದಿದ ಗಿರಾಕಿಗಳು ಬೋರ್ಡು ಸುಟ್ಟುಕೊಂಡು ಕಂಪನಿಗೆ ಫೋನ್ ಮಾಡುತ್ತಿದ್ದರು. ಬೈಸಿಕೊಳ್ಳುತ್ತಿದ್ದವಳು ಗುಮಾಸ್ತೆ ದಾಕ್ಷಾಯಣಿ.

"ಎಷ್ಟು, ಯಾವುದು ಅಂತ ಬಿಡಿಸಿ ಬರೀಲಾ ಸರ್?" ಎಂದು ಕೇಳಿದಳು.

"ಬಲ್ಲವರಿಗೆ ಅಷ್ಟು ಸಾಕಮ್ಮ. ಒಂದಕ್ಷರ ಮುಟ್ಟಿದರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

ದಾಕ್ಷಾಯಣಿ ಆಗಲಿ ಎಂದಳು. ಮರುದಿನ ಎಂ.ಡಿ. ಸಾಹೇಬರು ಬಂದಿದ್ದಾಗ ಹೊಸ ಬೋರ್ಡೊಂದನ್ನು ತಂದು ಶಂಭುಲಿಂಗಯ್ಯನವರ ಮುಂದಿಟ್ಟಳು. "ಬರೆದವರೇ ಜೋಡಿಸೋದನ್ನ ಒಮ್ಮೆ ನೋಡಿ ಕಲಿಯೋಣ ಅಂತ ಸರ್," ಎಂದಳು ವಿನಯದಿಂದ.

ಶಂಭುಲಿಂಗಯ್ಯ ಉಬ್ಬಿ ಅಂಗಿಯ ತೋಳು ಮಡಚಿದರು. ಕೈಪಿಡಿ ತೆರೆದರೆ ತಕ್ಕ ಪಿನ್ನು ಅಂತಿತ್ತು. ತಂತಿ ಹಿಡಿದ ಕೈ ಬೋರ್ಡಿನ ಮೇಲೆ ಹದ್ದಿನ ಹಾಗೆ ಸುತ್ತಿತು, ಕೆಳಗಿಳಿಯಲಿಲ್ಲ. ಕೊನೆಗೆ, ಮೂಗಿನ ಮೇಲೆ ಕನ್ನಡಕ ಇದ್ದಂತೆಯೇ, ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ಅದರೊಳಗೆ ಇಣುಕಿದರು. ತಳದಲ್ಲಿ ಒಂದು ಚೀಟಿ. ಐದು ವೋಲ್ಟು, ಇಪ್ಪತ್ತು ಮಿಲಿಸೆಕೆಂಡು, ಏಳನೇ ಪಿನ್ನು. ಅದರಂತೆ ಜೋಡಿಸಿದರು, ಬೋರ್ಡಿನ ದೀಪ ಹತ್ತಿತು.

ದಾಕ್ಷಾಯಣಿ ಕೈಮುಗಿದಳು. "ನಿಮ್ಮ ಕೈಪಿಡಿ ನಾನು ಮುಟ್ಟಲ್ಲ ಸರ್. ಆ ಚೀಟಿ ಕೊಟ್ರೆ ಹಿಂದುಗಡೆ ಅಂಟಿಸ್ತೀನಿ."

ಶಂಭುಲಿಂಗಯ್ಯ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಎಂ.ಡಿ. ಸಾಹೇಬರೇ ಚೀಟಿಗೆ ಕೈ ಚಾಚಿದ್ದರು.

ಅಂದಿನಿಂದ ಆ ಡಬ್ಬಿಯಲ್ಲಿ ಕನ್ನಡಕ ಇರುತ್ತದೆ.